10×12 ಅಡಿ ನಡುಮನೆ, ಹಸಿರು ಗೋಡೆ, ಒಂದೇ ಅಂಬ್ರೆಲಾ: ಅಜ್ಜಿಯ ಪೋರ್ಟ್ರೇಟ್‌ಗೆ ಬೆಳಕು ಹೇಗೆ ಕೂರಿಸುವುದು?

ಚಿಕ್ಕಪೇಟೆ ತೊಟ್ಟಿಮನೆ:
ತುಮಕೂರು ಚಿಕ್ಕಪೇಟೆಯ ಹಳೇ ಮನೆ. ನಡುಮನೆ 10×12 ಅಡಿ, ಎತ್ತರ 10 ಅಡಿ. ಮರದ ತೊಲೆಯ ಮದ್ರಾಸ್ ತಾರಸಿ ಆದ್ದರಿಂದ ಫ್ಲ್ಯಾಶನ್ನು ಸೂರಿಗೆ ಹೊಡೆದು ಬೌನ್ಸ್ ಮಾಡುವ ಹಾಗಿಲ್ಲ, ಮರವೇ ಬೆಳಕು ಕುಡಿದುಬಿಡುತ್ತದೆ. ಗೋಡೆಗೆ ತಿಳಿ ಹಸಿರು, ನೆಲ ರೆಡ್ ಆಕ್ಸೈಡ್.

ಕೈಯಲ್ಲಿರುವುದು: 1.5 ಕ್ರಾಪ್ (ಚಿಕ್ಕ ಸೆನ್ಸಾರಿನ) ಕ್ಯಾಮರಾ, 50 ಎಂಎಂ ಲೆನ್ಸ್, ಒಂದು ಮ್ಯಾನುಯಲ್ ಸ್ಪೀಡ್‌ಲೈಟ್, ಕ್ಯಾಮರಾದಿಂದ ಅದನ್ನು ಹಾರಿಸುವ ರೇಡಿಯೊ ಟ್ರಿಗರ್, 43 ಇಂಚಿನ ಬಿಳಿ ಶೂಟ್ ಥ್ರೂ ಅಂಬ್ರೆಲಾ (ಬೆಳಕು ಬಟ್ಟೆ ದಾಟಿ ಬರುವ ಛತ್ರಿ), 7 ಅಡಿ ಸ್ಟ್ಯಾಂಡ್.

ಈಗಿನ ಸೆಟ್ಟಿಂಗ್: ಅಂಬ್ರೆಲಾ ಮುಖದಿಂದ 2 ಮೀಟರ್, ಐಎಸ್‌ಒ 200, ಶಟರ್ 1/250, ಅಪರ್ಚರ್ ಎಫ್/4, ಫ್ಲ್ಯಾಶ್ 1/4 ಪವರ್. ಟ್ಯೂಬ್‌ಲೈಟ್ ಉರಿಯುತ್ತಿದೆ, ವೈಟ್ ಬ್ಯಾಲೆನ್ಸ್ ಆಟೊ.

ತೊಂದರೆಗಳು: ಮುಖ ಚಪ್ಪಟೆ ಕಾಣುತ್ತದೆ, ನೆರಳಿರುವ ಕೆನ್ನೆಗೆ ಹಸಿರು ಛಾಯೆ, ಗದ್ದದ ಕೆಳಗೆ ಕೆಂಪು, ಫ್ರೇಮಿನ ಒಂದು ಅಂಚಿಗೆ ಕಪ್ಪು ಪಟ್ಟಿ. ಅಜ್ಜಿ ಕನ್ನಡಕದವರು, ಗಾಜಿನಲ್ಲಿ ಇಡೀ ಛತ್ರಿ ಬೆಳ್ಳಗೆ ಕೂತಿರುತ್ತದೆ. ಯಾವುದರಿಂದ ಶುರು ಮಾಡಲಿ?

ಗುಬ್ಬಿ ಗೇಟ್:
ದೂರದಿಂದ ಶುರು ಮಾಡಿ. ನಿಮ್ಮ ತೊಂದರೆಗಳಲ್ಲಿ ಮೂರು ಆ 2 ಮೀಟರಿನಿಂದಲೇ ಹುಟ್ಟಿವೆ.

ಶೂಟ್ ಥ್ರೂ ಬಟ್ಟೆ ಬೆಳಕನ್ನೆಲ್ಲ ಮುಂದಕ್ಕೆ ಬಿಡುವುದಿಲ್ಲ. ಒಂದು ಪಾಲು ವಾಪಸ್ ಹಿಂದಕ್ಕೆ ಚೆಲ್ಲುತ್ತದೆ, ಗೋಡೆ, ನೆಲ, ಸೂರು ಎಲ್ಲವನ್ನೂ ತಟ್ಟಿ ಆಯಾ ಬಣ್ಣ ಹೊತ್ತು ಮುಖಕ್ಕೆ ಬರುತ್ತದೆ. 2 ಮೀಟರಿನಲ್ಲಿ ಛತ್ರಿಯಿಂದ ನೇರ ಬರುವ ಬೆಳಕು ಎಷ್ಟು ಸೊರಗಿರುತ್ತದೆಂದರೆ ಗೋಡೆಯದು ಅದಕ್ಕೆ ಸರಿಸಾಟಿಯಾಗಿ ನಿಲ್ಲುತ್ತದೆ. ನಾಲ್ಕೂ ಕಡೆಯಿಂದ ಬೆಳಕು ಬಂದರೆ ಮುಖಕ್ಕೆ ಉಬ್ಬುತಗ್ಗು ಎಲ್ಲಿಂದ ಬರಬೇಕು?

ಅಂಬ್ರೆಲಾವನ್ನು 1 ಮೀಟರಿಗೆ ತನ್ನಿ. ದೂರ ಅರ್ಧವಾದರೆ ನೇರ ಬೆಳಕು 4 ಪಟ್ಟು, ಅಂದರೆ 2 ಸ್ಟಾಪ್ (ಒಂದು ಸ್ಟಾಪ್ ಅಂದರೆ ಬೆಳಕು ಎರಡು ಪಟ್ಟು) ಹೆಚ್ಚುತ್ತದೆ. ಅದನ್ನು ಸರಿದೂಗಿಸಲು ಫ್ಲ್ಯಾಶನ್ನು 1/4ರಿಂದ 1/16ಕ್ಕೆ ಇಳಿಸುತ್ತೀರಿ. ಮುಖದ ಮೇಲಿನ ಬೆಳಕು ಅಷ್ಟೇ ಉಳಿಯಿತು, ಆದರೆ ಕೋಣೆಗೆ ಚೆಲ್ಲುವ ಬೆಳಕು ಕಾಲು ಭಾಗಕ್ಕೆ ಇಳಿಯಿತು. ಹಸಿರೂ ಕೆಂಪೂ ಅದರ ಜೊತೆಗೇ ಇಳಿಯುತ್ತವೆ. ಗೋಡೆಗೆ ಬಣ್ಣ ಬಳಿಯುವ ಮೊದಲು, ಹೊಸ ಸಾಮಾನು ಕೊಳ್ಳುವ ಮೊದಲು ಇದೊಂದನ್ನು ಮಾಡಿ ನೋಡಿ.

ಲೆಕ್ಕ ನೆನಪಿಡಲು ಸುಲಭ ದಾರಿ: ಅಂಬ್ರೆಲಾದ ಅಡ್ಡಳತೆ ಎಷ್ಟೋ ಮುಖದಿಂದ ದೂರವೂ ಅಷ್ಟೇ. 43 ಇಂಚು ಅಂದರೆ ಹತ್ತಿರ ಹತ್ತಿರ 1.1 ಮೀಟರ್.

ಕ್ಯಾತ್ಸಂದ್ರ:
ಕಪ್ಪು ಪಟ್ಟಿಗೆ ಕಾರಣ 1/250. ಶಟರಿಗೆ ಎರಡು ಪರದೆ. ಒಂದು ನಿರ್ದಿಷ್ಟ ವೇಗದವರೆಗೆ ಮಾತ್ರ ಇಡೀ ಸೆನ್ಸಾರ್ ಒಟ್ಟಿಗೆ ತೆರೆದಿರುತ್ತದೆ. ಅದು ಮೀರಿದರೆ ಮೊದಲನೇ ಪರದೆ ಪೂರ್ತಿ ಸರಿಯುವ ಮೊದಲೇ ಎರಡನೆಯದು ಹೊರಟಿರುತ್ತದೆ, ಫ್ಲ್ಯಾಶ್ ಹಾರಿದಾಗ ಅದರ ನೆರಳು ಸೆನ್ಸಾರಿನ ಮೇಲೆ ಬೀಳುತ್ತದೆ. ಬಹಳ ಕ್ಯಾಮರಾಗಳಿಗೆ ಆ ಮಿತಿ 1/200 ಅಥವಾ 1/250. ಅಗ್ಗದ ರೇಡಿಯೊ ಟ್ರಿಗರ್ ಒಂದಿಷ್ಟು ತಡ ಮಾಡುವುದರಿಂದ 1/160ಕ್ಕೆ ಇಳಿದುಬಿಡಿ. ಶಟರ್ ನಿಧಾನ ಮಾಡಿದರೆ ಫ್ಲ್ಯಾಶಿನ ಬೆಳಕು ಹೆಚ್ಚಾಗುವುದಿಲ್ಲ, ಕೋಣೆಯ ಬೆಳಕು ಮಾತ್ರ ಹೆಚ್ಚಾಗುತ್ತದೆ. ಫ್ಲ್ಯಾಶಿನ ಪಾಲನ್ನು ಹಿಡಿತದಲ್ಲಿಡುವುದು ಅಪರ್ಚರ್, ಐಎಸ್‌ಒ, ಪವರ್ ಮತ್ತು ದೂರ.

ಟ್ಯೂಬ್‌ಲೈಟ್ ಆರಿಸಿ. ಫ್ಲ್ಯಾಶಿನ ಬಣ್ಣ ಸುಮಾರು 5500 ಕೆಲ್ವಿನ್, ಮನೆಯ ತಣ್ಣನೆ ಬಿಳಿ ಟ್ಯೂಬು 6500ರ ಆಸುಪಾಸು, ಹಳದಿ ಎಲ್‌ಇಡಿ 3000. ಎರಡು ಬಣ್ಣ ಒಂದೇ ಮುಖದ ಮೇಲೆ ಬೆರೆತರೆ ಆಮೇಲೆ ಕಂಪ್ಯೂಟರಿನಲ್ಲಿ ಒಂದನ್ನು ಸರಿಮಾಡಲು ಹೋದರೆ ಇನ್ನೊಂದು ಕೆಡುತ್ತದೆ. ವೈಟ್ ಬ್ಯಾಲೆನ್ಸ್ ಆಟೊ ಬಿಟ್ಟು ಫ್ಲ್ಯಾಶ್ ಗುರುತಿಗೆ ಹಾಕಿ, ರಾ ಫೈಲ್ (ಸಂಸ್ಕರಿಸದ ಮೂಲ ಫೈಲ್) ತೆಗೆಯಿರಿ.

ಒಂದು ಪರೀಕ್ಷೆ ಪ್ರತಿ ಸಲ ಮಾಡಿ: ಟ್ರಿಗರ್ ಆಫ್ ಮಾಡಿ, 1/160, ಎಫ್/5.6, ಐಎಸ್‌ಒ 200ರಲ್ಲಿ ಒಂದು ಫೋಟೊ ತೆಗೆಯಿರಿ. ಅದು ಪೂರ್ತಿ ಕಪ್ಪು ಬರಬೇಕು. ಕಿಟಕಿಯೋ ಬಲ್ಬೋ ಅದರಲ್ಲಿ ಕಂಡರೆ ಅದು ನಿಮ್ಮ ಪೋರ್ಟ್ರೇಟಿನಲ್ಲೂ ಸೇರಿಕೊಳ್ಳುತ್ತದೆ. ಕಪ್ಪು ಬಂದಮೇಲೆ ಟ್ರಿಗರ್ ಆನ್ ಮಾಡಿ 1/8 ಪವರಿನಿಂದ ಶುರು ಮಾಡಿ, ಒಂದು ಸ್ಟಾಪ್ ಮೇಲೆ ಕೆಳಗೆ ಮಾಡಿಕೊಂಡರೆ ಸಾಕು.

ಮಧುಗಿರಿ 50ಎಂಎಂ:
ಗುಬ್ಬಿ ಗೇಟ್ ಅವರ ಲೆಕ್ಕ ಸರಿ, ಆದರೆ ಈ ಕೋಣೆಗೆ ಶೂಟ್ ಥ್ರೂ ಆಯ್ಕೆಯೇ ಸರಿಯಿಲ್ಲ ಅಂತ ನನ್ನ ಅಭಿಪ್ರಾಯ. ಬಣ್ಣದ ಗೋಡೆ, ಚಿಕ್ಕ ಕೋಣೆ ಅಂದಮೇಲೆ ಹಿಂದೆ ಕಪ್ಪು ಹೊದಿಕೆ ಇರುವ ರಿಫ್ಲೆಕ್ಟಿವ್ ಅಂಬ್ರೆಲಾ ಬೇಕು. ಫ್ಲ್ಯಾಶ್ ಛತ್ರಿಯ ಒಳಮೈಗೆ ಹೊಡೆದು ಒಂದೇ ದಿಕ್ಕಿಗೆ ಬರುತ್ತದೆ, ಬಟ್ಟೆ ದಾಟಿ ಹೋಗುವುದಿಲ್ಲ. ಒಳಮೈ ಬಿಳಿಯದು ತಗೊಳ್ಳಿ, ಬೆಳ್ಳಿ ಬೇಡ. ಬೆಳ್ಳಿ ಒಳಮೈ ಹೆಚ್ಚು ಬೆಳಕು ಕೊಡುತ್ತದೆ ನಿಜ, ಆದರೆ ವಯಸ್ಸಾದವರ ಸುಕ್ಕು, ಹಣೆಯ ಬೆವರು, ಸೀರೆಯ ಜರಿ ಎಲ್ಲವನ್ನೂ ಹರಿತ ಮಾಡಿಬಿಡುತ್ತದೆ.

ಗುಬ್ಬಿ ಗೇಟ್:
ಮಧುಗಿರಿ ಅಣ್ಣ, ರಿಫ್ಲೆಕ್ಟಿವ್‌ನಲ್ಲಿ ಕೋಲು ಮುಖದ ಕಡೆಗೇ ಚಾಚಿರುತ್ತದೆ. ಫ್ಲ್ಯಾಶೂ ಸ್ಟ್ಯಾಂಡೂ ಛತ್ರಿಗೂ ಕೂತವರಿಗೂ ನಡುವೆ ಬರುತ್ತವೆ. 1 ಮೀಟರಿಗೆ ತರಲು ಹೋದರೆ ಕೋಲಿನ ತುದಿ ಅಜ್ಜಿಯ ಕಣ್ಣಿನ ಮಟ್ಟಕ್ಕೆ ಇರುತ್ತದೆ, ಅದು ಅಪಾಯ. ಶೂಟ್ ಥ್ರೂನಲ್ಲಿ ಉಬ್ಬಿದ ಮೈ ಮುಖದ ಕಡೆ, ಕೋಲು ಆಚೆ ಕಡೆ. ಎಷ್ಟು ಬೇಕಾದರೂ ಹತ್ತಿರ ತರಬಹುದು. ಹತ್ತಿರ ತರಲಾಗದ ಒಳ್ಳೆ ಅಂಬ್ರೆಲಾಗಿಂತ ಹತ್ತಿರ ಬರುವ ಸಾಧಾರಣ ಅಂಬ್ರೆಲಾ ಈ ಕೋಣೆಗೆ ವಾಸಿ.

ಮಧುಗಿರಿ 50ಎಂಎಂ:
ಕೋಲಿನ ಮಾತು ಒಪ್ಪಿದೆ. ತುದಿಗೆ ಹಳೇ ಟೆನಿಸ್ ಬಾಲು ಚುಚ್ಚಿದರೆ ಕಣ್ಣಿಗೆ ಭಯವಿಲ್ಲ, ಆದರೂ 1.3 ಮೀಟರಿಗಿಂತ ಒಳಗೆ ತರುವುದು ಕಷ್ಟವೇ. ಹಾಗಾದರೆ ಕಪ್ಪು ಹೊದಿಕೆ ಬಿಚ್ಚಿ ಹಾಕಬಹುದಾದ ಟೂ ಇನ್ ಒನ್ ಅಂಬ್ರೆಲಾ ನೋಡಿ, ಎರಡೂ ರೀತಿ ತೆಗೆದು ಹೋಲಿಸಬಹುದು. ಕೊಳ್ಳುವಾಗ ಕೋಲಿನ ದಪ್ಪ ನೋಡಿಕೊಳ್ಳಿ. ಸಾಮಾನ್ಯವಾಗಿ 8 ಎಂಎಂ. ಬ್ರಾಕೆಟ್ಟಿನ (ಛತ್ರಿ, ಫ್ಲ್ಯಾಶ್ ಎರಡನ್ನೂ ಸ್ಟ್ಯಾಂಡಿಗೆ ಹಿಡಿಸುವ ಕೊಂಡಿ) ತೂತು ದೊಡ್ಡದಿದ್ದು ಕೋಲು ತೆಳ್ಳಗಿದ್ದರೆ ಎಷ್ಟು ಬಿಗಿದರೂ ಛತ್ರಿ ನಿಧಾನಕ್ಕೆ ತಲೆ ಬಾಗಿಸುತ್ತದೆ.

ತಿಪಟೂರು ತೆಂಗು:
ಬ್ರಾಕೆಟ್ ಮಾತು ಬಂದದ್ದಕ್ಕೆ ಹೇಳುತ್ತೇನೆ, ಬಹಳ ಜನ ಗಮನಿಸದ ವಿಷಯ. ಕೋಲು ಹೋಗುವ ತೂತು ನೇರಕ್ಕೆ ಇರುವುದಿಲ್ಲ, ಒಂದು ಕಡೆಗೆ ಓರೆ. ಫ್ಲ್ಯಾಶು ಕೋಲಿಗಿಂತ ಮೇಲೆ ಕೂರುವುದರಿಂದ ಅದರ ಬೆಳಕು ಛತ್ರಿಯ ನಡುವಿಗೆ ಹೋಗಲೆಂದೇ ಆ ಓರೆ. ಬ್ರಾಕೆಟ್ ಹಿಂದುಮುಂದಾಗಿ ಹಾಕಿದರೆ ಫ್ಲ್ಯಾಶು ಛತ್ರಿಯ ಮೇಲಂಚಿಗೆ ಹೊಡೆಯುತ್ತದೆ, ಅರ್ಧ ಬೆಳಕು ಸೂರಿನ ಪಾಲು.

ಇನ್ನೊಂದು, ಫ್ಲ್ಯಾಶ್ ಹೆಡ್ಡಿನ ಜೂಮ್. ಅದು 105 ಎಂಎಂನಲ್ಲಿದ್ದರೆ ನಡುವೆ ಒಂದು ತಟ್ಟೆಯಗಲ ಮಾತ್ರ ಹೊಳೆಯುತ್ತದೆ, ಉಳಿದ ಬಟ್ಟೆ ದಂಡ. 24 ಅಥವಾ 28 ಎಂಎಂಗೆ ಇಡಿ. ಕೋಲನ್ನು ಬ್ರಾಕೆಟ್ಟಿನಲ್ಲಿ ಹಿಂದೆಮುಂದೆ ಸರಿಸಿ, ಬೆಳಕು ಅಂಚಿನವರೆಗೆ ತುಂಬಬೇಕು, ಅಂಚು ದಾಟಿ ಸೋರಬಾರದು. ಇದನ್ನು ಕಣ್ಣಿನಲ್ಲಿ ಅಂದಾಜು ಮಾಡಲಾಗುವುದಿಲ್ಲ. ಫ್ಲ್ಯಾಶನ್ನು 1/128ಕ್ಕೆ ಇಳಿಸಿ, ಎಫ್/16, ಐಎಸ್‌ಒ 100ರಲ್ಲಿ ಕೂತವರ ಜಾಗದಿಂದ ಅಂಬ್ರೆಲಾದ್ದೇ ಫೋಟೊ ತೆಗೆಯಿರಿ. ಬೆಳಕು ಎಲ್ಲಿ ಗಟ್ಟಿ, ಎಲ್ಲಿ ತೆಳು ಅಂತ ಎದುರಿಗೇ ಕಾಣುತ್ತದೆ. ಕೋಲು ಎರಡು ಇಂಚು ಸರಿಸಿ ಮತ್ತೊಂದು ತೆಗೆಯಿರಿ. ಎರಡೂ ಪಕ್ಕ ಇಟ್ಟು ನೋಡಿದರೆ ಬೇರೆ ವಿವರಣೆ ಬೇಕಾಗಿಲ್ಲ.

ಇಷ್ಟನ್ನೆಲ್ಲ ಅಜ್ಜಿಯನ್ನು ಕೂರಿಸಿಕೊಂಡು ಮಾಡಬೇಡಿ. ಜುಟ್ಟು ತೆಗೆದ ತೆಂಗಿನಕಾಯಿಯನ್ನು ಎತ್ತರದ ಸ್ಟೂಲಿನ ಮೇಲೆ, ಮುಖದ ಮಟ್ಟಕ್ಕೆ, ಕಣ್ಣುಗಳು ಕ್ಯಾಮರಾ ಕಡೆ ಬರುವಂತೆ ಇಡಿ. ಮೂರು ಕಣ್ಣಿನ ಕುಳಿ, ಮೈಮೇಲಿನ ನಾರು, ಉರುಟು ಕೆನ್ನೆ ಎಲ್ಲವೂ ಅದಕ್ಕಿದೆ. ಬೆಳಕಿನಿಂದ ನೆರಳಿಗೆ ಹೊರಳುವ ಜಾಗ ಅದರ ಮೇಲೆ ಚೆನ್ನಾಗಿ ಓದಬಹುದು. 2 ಮೀಟರಿನಲ್ಲಿ ಒಂದು, 1 ಮೀಟರಿನಲ್ಲಿ ಒಂದು ತೆಗೆದರೆ ಹತ್ತಿರದ ಬೆಳಕಿನಲ್ಲಿ ನೆರಳು ಮೆತ್ತಗೆ ಹೊರಳುವುದು, ದೂರದ್ದರಲ್ಲಿ ನಾರಿನ ಒಂದೊಂದು ಎಳೆಗೂ ಗಡಸು ನೆರಳು ಬೀಳುವುದು ಕಾಣುತ್ತದೆ. ತೆಂಗಿನಕಾಯಿಗೆ ಸರಿಹೋದಮೇಲೆ ಮನುಷ್ಯರನ್ನು ಕರೆಯಿರಿ. ವಯಸ್ಸಾದವರು ಲವಲವಿಕೆಯಿಂದ ಕೂರುವುದು ಮೊದಲ ಹತ್ತು ನಿಮಿಷ, ಅದನ್ನು ಟೆಸ್ಟಿಂಗಿಗೆ ಕಳೆಯಬಾರದು.

ಕುಣಿಗಲ್ ಕೆರೆ ಏರಿ:
ಕನ್ನಡಕದ ವಿಷಯ ಯಾರೂ ಮುಟ್ಟಿಲ್ಲ. ಗುಬ್ಬಿ ಗೇಟ್ ಹೇಳಿದಂತೆ ಹತ್ತಿರ ತಂದರೆ ಈ ತೊಂದರೆ ಹೆಚ್ಚುತ್ತದೆ, ಅದನ್ನು ಮೊದಲೇ ತಿಳಿದಿರಿ. 2 ಮೀಟರಿನಲ್ಲಿ 43 ಇಂಚಿನ ಛತ್ರಿ ಮುಖಕ್ಕೆ ಸುಮಾರು 30 ಡಿಗ್ರಿ ಅಗಲ ಕಾಣುತ್ತದೆ, 1.1 ಮೀಟರಿಗೆ ಬಂದರೆ 50 ದಾಟುತ್ತದೆ. ಕನ್ನಡಕದ ಗಾಜು ಅಷ್ಟು ದೊಡ್ಡ ವಸ್ತುವನ್ನು ತಪ್ಪಿಸಿಕೊಳ್ಳುವುದು ಕಷ್ಟ.

ಲೆಕ್ಕ ಹೀಗೆ. ಅಂಬ್ರೆಲಾ ಕ್ಯಾಮರಾದಿಂದ 45 ಡಿಗ್ರಿ ಪಕ್ಕಕ್ಕೆ ಇದೆ ಅನ್ನಿ. ಅಜ್ಜಿ ಮುಖವನ್ನು ಬೆಳಕಿನ ಕಡೆ 20 ಡಿಗ್ರಿ ತಿರುಗಿಸಿದರೆ ಗಾಜು ಕ್ಯಾಮರಾಕ್ಕೆ ತೋರಿಸುವುದು 40 ಡಿಗ್ರಿಯಲ್ಲಿ ಇರುವುದನ್ನು, ಅಂದರೆ ಛತ್ರಿಯ ನಟ್ಟನಡುವನ್ನು. ಮುಖ ನೇರ ಕ್ಯಾಮರಾ ಕಡೆ ಇದ್ದರೆ ಗಾಜಿನ ಉಬ್ಬಿನ ಅಂಚಿಗೆ ಒಂದಿಷ್ಟು ಮಾತ್ರ ಸಿಗುತ್ತದೆ. ಬೆಳಕಿನಿಂದ ಆಚೆ ಕಡೆ ಸ್ವಲ್ಪ ತಿರುಗಿದರೆ ಪೂರ್ತಿ ಹೋಗುತ್ತದೆ. "ಬೆಳಕಿನ ಕಡೆ ನೋಡಿ" ಅನ್ನುವ ಅಭ್ಯಾಸ ಕನ್ನಡಕದವರಿಗೆ ಸಲ್ಲದು.

ಅದರ ಜೊತೆ ಮೂರು ಸಣ್ಣ ಕೆಲಸ. ಅಂಬ್ರೆಲಾವನ್ನು ಒಂದಡಿ ಮೇಲೇರಿಸಿ, 45ರಿಂದ 55 ಡಿಗ್ರಿಗೆ ಪಕ್ಕಕ್ಕೆ ಸರಿಸಿ. ಗದ್ದ ಕೊಂಚ ಇಳಿಸಲು ಹೇಳಿ. ಕನ್ನಡಕದ ಕಡ್ಡಿಯನ್ನು ಕಿವಿಯಿಂದ ಒಂದು ಕಾಳಿನಷ್ಟು ಮೇಲೆತ್ತಿದರೆ ಗಾಜು ಕೆಳಕ್ಕೆ ವಾಲುತ್ತದೆ, ಕ್ಯಾಮರಾಕ್ಕೆ ಅದು ಗೊತ್ತಾಗುವುದಿಲ್ಲ. ಕನ್ನಡಕ ತೆಗೆಸುವ ಯೋಚನೆ ಬೇಡ. ಮೂಗಿನ ಮೇಲೆ ಗುರುತು ಕಾಣುತ್ತದೆ, ಕಣ್ಣು ಕಿರಿದಾಗುತ್ತದೆ, ಮನೆಯವರಿಗೆ ಆ ಮುಖ ಪರಿಚಯದ್ದೂ ಅನ್ನಿಸುವುದಿಲ್ಲ.

ಮೇಲೇರಿಸುವುದಕ್ಕೂ ಮಿತಿ ಇದೆ. ಹುಬ್ಬಿನ ನೆರಳು ಕಣ್ಣನ್ನು ಮುಚ್ಚಿದರೆ, ಕಣ್ಣಿನೊಳಗೆ ಬೆಳಕಿನ ಚುಕ್ಕೆ ಕಾಣದಿದ್ದರೆ ಮಿತಿ ದಾಟಿದಿರಿ. ಆ ಚುಕ್ಕೆ ಗಡಿಯಾರದ 10 ಅಥವಾ 2 ಗಂಟೆಯ ಜಾಗದಲ್ಲಿ ಇರಲಿ.

ಚಿಕ್ಕಪೇಟೆ ತೊಟ್ಟಿಮನೆ:
ತೆಂಗಿನಕಾಯಿ ಇಟ್ಟು ಮಾಡಿದ ಫಲಿತಾಂಶ: 1.1 ಮೀಟರ್, ಐಎಸ್‌ಒ 200, 1/160, ಎಫ್/5.6, 1/8 ಪವರ್, ಹೆಡ್ 24 ಎಂಎಂ. ಕಪ್ಪು ಪಟ್ಟಿ ಹೋಯಿತು. ಹಸಿರು ಬಹಳ ಕಮ್ಮಿ, ಆದರೂ ನೆರಳಿನ ಕಡೆ ಉಳಿದಿದೆ. ಕೆಳಗಿನಿಂದ ಕೆಂಪು ಹಾಗೇ ಇದೆ. ಇನ್ನೊಂದು ತೊಡಕು: ಕೂತವರಿಗೂ ಹಿಂದಿನ ಗೋಡೆಗೂ ಜಾಗ ಬಿಟ್ಟರೆ ಕ್ಯಾಮರಾ ಹಿಂದಕ್ಕೆ ಹೋಗಲು ಜಾಗ ಸಾಲದು.

ಗುಬ್ಬಿ ಗೇಟ್:
ಕೋಣೆಯನ್ನು ಮೂಲೆಯಿಂದ ಮೂಲೆಗೆ ಬಳಸಿ. 10×12 ಅಡಿಯ ಕರ್ಣ 15 ಅಡಿ 7 ಇಂಚು, ಸುಮಾರು 4.75 ಮೀಟರ್. ಹಿಂದಿನ ಮೂಲೆಯಿಂದ ಕುರ್ಚಿಗೆ 1.5 ಮೀಟರ್, ಕುರ್ಚಿಯಿಂದ ಕ್ಯಾಮರಾಕ್ಕೆ 2 ಮೀಟರ್, ನಿಮಗೆ ನಿಲ್ಲಲು ಮೀಟರಿಗೂ ಮೇಲೆ ಉಳಿಯುತ್ತದೆ. ಕ್ರಾಪ್ ಕ್ಯಾಮರಾದ 50 ಎಂಎಂ 2 ಮೀಟರಿನಿಂದ ಉದ್ದಕ್ಕೆ ಹಿಡಿದರೆ 94 ಸೆಂಟಿಮೀಟರ್ ಎತ್ತರ ತುಂಬುತ್ತದೆ. ತಲೆಯಿಂದ ಸೊಂಟದವರೆಗೆ, ಮಡಿಲಲ್ಲಿಟ್ಟ ಕೈ ಸಮೇತ ಸರಿಹೋಗುತ್ತದೆ. ಇದಕ್ಕಿಂತ ತೀರಾ ಹತ್ತಿರ ಹೋಗಬೇಡಿ, ಮೂಗು ದೊಡ್ಡದಾಗಿ ಕಿವಿ ಹಿಂದೆ ಸರಿದಂತೆ ಕಾಣುತ್ತದೆ. ಮೂಲೆಯ ಗೆರೆ ಕಾಣದ ಹಾಗೆ ಗಾಢ ಬಣ್ಣದ ಒಂದು ಮಾಸಲು ಬಟ್ಟೆ ಇಳಿಬಿಡಿ. ಹೊಳೆಯುವ ಬೆಡ್‌ಶೀಟ್ ಬೇಡ, ಮಡಿಕೆ ಇಸ್ತ್ರಿ ಮಾಡಿ ತೆಗೆಯಿರಿ.

ಮಧುಗಿರಿ 50ಎಂಎಂ:
ನೆಲದ ಕೆಂಪಿಗೆ ಅಜ್ಜಿಯ ಮುಂದೆ ಬಿಳಿ ಪಂಚೆ ಹಾಸಿ. ಕಾಲಿನಿಂದ ಮುಂದಕ್ಕೆ ಒಂದೂವರೆ ಮೀಟರ್ ಮುಚ್ಚಿದರೆ ಸಾಕು. ನೀಲಿ ಜಾಸ್ತಿ ಹಾಕಿ ಒಗೆದ ಪಂಚೆಯಾದರೆ ಗದ್ದಕ್ಕೆ ನೀಲಿ ಹತ್ತುತ್ತದೆ, ಸಾದಾ ಬಿಳಿಯದೇ ನೋಡಿ. ಪಂಚೆ ಕೆಂಪು ತೆಗೆಯುವುದಷ್ಟೇ ಅಲ್ಲ, ಗದ್ದದ ಕೆಳಗಿನ ನೆರಳನ್ನೂ ಸ್ವಲ್ಪ ತುಂಬುತ್ತದೆ.

ನೆರಳಿನ ಕಡೆ ಹಸಿರಿಗೆ ಥರ್ಮಾಕೋಲ್. ಸ್ಟೇಷನರಿ ಅಂಗಡಿಯಲ್ಲಿ ಸಿಗುವ 1 ಮೀಟರ್ ಉದ್ದ, ಅರ್ಧ ಮೀಟರ್ ಅಗಲದ ಹಾಳೆ ಎರಡನ್ನು ಟೇಪಿನಿಂದ ಪುಸ್ತಕದಂತೆ ಜೋಡಿಸಿ, ತಾನೇ ನಿಲ್ಲುತ್ತದೆ. ಮುಖದ ಮಟ್ಟಕ್ಕೆ ಬರಲು ಸ್ಟೂಲಿನ ಮೇಲೆ ಇಡಿ, ಕೆನ್ನೆಯಿಂದ 60-70 ಸೆಂಟಿಮೀಟರ್. ಗೋಡೆಯ ಹಸಿರು ಬೆಳಕನ್ನು ತಡೆದು ತಾನು ಬಿಳಿ ಬೆಳಕು ಕೊಡುತ್ತದೆ. ನೆರಳು ಗಾಢ ಬೇಕಿದ್ದರೆ ಅದರ ಮೇಲೆ ಕಪ್ಪು ಬಟ್ಟೆ ಹಾಕಿ.

ಪಾವಗಡ ಬಿಸಿಲು:
ನಡುವೆ ಒಂದು ಪ್ರಶ್ನೆ. ಕ್ಯಾಮರಾ ಇಲ್ಲ, ಮೊಬೈಲ್ ಮಾತ್ರ. ಇದೇ ಅಂಬ್ರೆಲಾ ಫ್ಲ್ಯಾಶ್ ಮೊಬೈಲಿಗೆ ಆಗುತ್ತದೆಯೇ?

ಕ್ಯಾತ್ಸಂದ್ರ:
ಫ್ಲ್ಯಾಶ್ ಆಗುವುದಿಲ್ಲ. ಮೊಬೈಲಿನ ಸೆನ್ಸಾರ್ ಸಾಲು ಸಾಲಾಗಿ ಓದುತ್ತದೆ, ಕ್ಷಣಮಾತ್ರದ ಮಿಂಚು ಒಂದಿಷ್ಟು ಸಾಲಿಗೆ ಮಾತ್ರ ಸಿಗುತ್ತದೆ. ಸದಾ ಉರಿಯುವ ಎಲ್‌ಇಡಿ ಬೇಕು. ಅಂಬ್ರೆಲಾ ಕಿಟ್ಟಿನ ಹೋಲ್ಡರ್ ಸಾಮಾನ್ಯವಾಗಿ ತಿರುಪಿನ ಇ27, ನಮ್ಮ ಮನೆಗಳ ಬಲ್ಬು ಪಿನ್ನಿನ ಬಿ22. ಇ27 ಬಲ್ಬು ಕೇಳಿ ತಗೊಳ್ಳಿ ಅಥವಾ ಅಡಾಪ್ಟರ್ ಹಾಕಿ. 40-50 ವ್ಯಾಟಿನ ಎಲ್‌ಇಡಿ, ಡಬ್ಬಿಯ ಮೇಲೆ ಸಿಆರ್‌ಐ (ಬಣ್ಣವನ್ನು ನಿಜವಾಗಿ ತೋರಿಸುವ ಅಳತೆ) 90ಕ್ಕೆ ಮೇಲಿರಲಿ, ಇಲ್ಲದಿದ್ದರೆ ಚರ್ಮ ಬೂದಿ ಬಣ್ಣಕ್ಕೆ ತಿರುಗುತ್ತದೆ. ನಮ್ಮ ಕರೆಂಟು 50 ಹರ್ಟ್ಸ್ ಆದ್ದರಿಂದ ಪ್ರೊ ಮೋಡಿನಲ್ಲಿ ಶಟರ್ 1/50 ಅಥವಾ 1/100 ಇಡಿ, ಬೇರೆ ವೇಗದಲ್ಲಿ ಅಗ್ಗದ ಬಲ್ಬು ಅಡ್ಡ ಪಟ್ಟೆ ಕೊಡುತ್ತದೆ. 2ಎಕ್ಸ್ ಜೂಮ್ ಹಾಕಿ ಹಿಂದೆ ನಿಲ್ಲಿ.

ಸಿರಾ ರೋಡ್:
ನನ್ನದೂ ಒಂದು ಸೇರಿಸಿಕೊಳ್ಳಿ. ಟ್ರಿಗರ್ ಇಲ್ಲದೆ, ಕ್ಯಾಮರಾದ ಪುಟ್ಟ ಫ್ಲ್ಯಾಶಿನಿಂದ ಆಪ್ಟಿಕಲ್ ಸ್ಲೇವ್ (ಬೇರೊಂದು ಫ್ಲ್ಯಾಶಿನ ಮಿಂಚು ಕಂಡು ತಾನೂ ಹಾರುವ) ಮೋಡ್‌ನಲ್ಲಿ ಹಾರಿಸಿದರೆ ಅಂಬ್ರೆಲಾ ಫ್ಲ್ಯಾಶ್ ಕಣ್ಣಿಗೆ ಹೊಡೆದದ್ದು ಕಾಣುತ್ತದೆ, ಫೋಟೊದಲ್ಲಿ ಕತ್ತಲೆ. ಯಾಕೆ?

ತಿಪಟೂರು ತೆಂಗು:
ಕ್ಯಾಮರಾ ಫ್ಲ್ಯಾಶು ಟಿಟಿಎಲ್ (ಬೆಳಕನ್ನು ತಾನೇ ಅಳೆದುಕೊಳ್ಳುವ) ಮೋಡ್‌ನಲ್ಲಿದ್ದರೆ ಅಳತೆಗಾಗಿ ಮೊದಲು ಒಂದು ಸಣ್ಣ ಮಿಂಚು ಹೊಡೆಯುತ್ತದೆ. ಎಸ್1 ಮೋಡಿನಲ್ಲಿರುವ ಸ್ಲೇವು ಆ ಮೊದಲ ಮಿಂಚಿಗೇ ಹಾರಿಬಿಡುತ್ತದೆ, ಶಟರ್ ಆಮೇಲೆ ತೆರೆಯುತ್ತದೆ. ಎಸ್2ಗೆ ಹಾಕಿದರೆ ಮೊದಲನೆಯದನ್ನು ಬಿಟ್ಟು ಎರಡನೆಯದಕ್ಕೆ ಕಾಯುತ್ತದೆ. ಇನ್ನೂ ವಾಸಿ ಅಂದರೆ ಕ್ಯಾಮರಾ ಫ್ಲ್ಯಾಶನ್ನು ಮ್ಯಾನುಯಲ್ ಮಾಡಿ, ರೆಡ್ ಐ ಆಫ್ ಮಾಡಿ, ಎಸ್1ರಲ್ಲೇ ಇರಿ. ಟ್ರಿಗರ್ ಕೊಳ್ಳುವುದಾದರೆ ಮೊದಲು ಹಾಟ್ ಶೂ (ಕ್ಯಾಮರಾದ ತಲೆಯ ಮೇಲೆ ಫ್ಲ್ಯಾಶ್ ಕೂರಿಸುವ ಜಾಗ) ನೋಡಿ. ಕ್ಯಾನನ್ 3000ಡಿ, 200ಡಿ ಮಾರ್ಕ್ 2 ಇವುಗಳಲ್ಲಿ ನಡುವಿನ ದುಂಡು ಪಿನ್ ಇಲ್ಲ, ಆ ಪಿನ್ನನ್ನೇ ನಂಬಿದ ಅಗ್ಗದ ಟ್ರಿಗರ್ ಅಲ್ಲಿ ಕೆಲಸ ಮಾಡುವುದಿಲ್ಲ. ನಿಮ್ಮ ಕ್ಯಾಮರಾದ ಮೇಲೆ ಅಂಗಡಿಯಲ್ಲೇ ಹಾಕಿ ನೋಡಿ ತನ್ನಿ.

ಸೆಲ್ಲು: 2000 ಎಂಎಎಚ್‌ಗೆ ಮೇಲಿನ ರಿಚಾರ್ಜಬಲ್ ನಿಕಲ್ ಮೆಟಲ್ ಹೈಡ್ರೈಡ್ 4, ಒಂದೇ ವಯಸ್ಸಿನವು. ಹಳೆಯದೊಂದು ಸೇರಿದರೆ ನಾಲ್ಕೂ ಅದರ ವೇಗಕ್ಕೆ ಇಳಿಯುತ್ತವೆ, ಎರಡನೇ ಫೋಟೊ ಕತ್ತಲೆ ಬರುವುದು ಬಹಳ ಸಲ ಇದರಿಂದಲೇ.

ಕುಣಿಗಲ್ ಕೆರೆ ಏರಿ:
ತೊಟ್ಟಿಮನೆಯವರೇ, ಅಜ್ಜಿಯನ್ನು ಕೂರಿಸುವ ಮೊದಲು ಸೀಲಿಂಗ್ ಫ್ಯಾನ್ ಆಫ್ ಮಾಡಿ, ಸ್ವಿಚ್ಚಿಗೆ ಟೇಪ್ ಅಂಟಿಸಿ. 7 ಅಡಿ ಸ್ಟ್ಯಾಂಡನ್ನು ಪೂರ್ತಿ ಎತ್ತಿದರೆ ಛತ್ರಿಯ ಮೇಲಂಚು 8 ಅಡಿ 9 ಇಂಚಿಗೆ ಹೋಗುತ್ತದೆ, 10 ಅಡಿ ಸೂರಿನ ಮನೆಯಲ್ಲಿ ಅಲ್ಲಿ ಫ್ಯಾನಿನ ರೆಕ್ಕೆ ತಿರುಗುತ್ತಿರುತ್ತದೆ. ಕೂತವರಿಗೆ ಅಷ್ಟೆತ್ತರ ಬೇಕಾಗಿಯೂ ಇಲ್ಲ. ಕುರ್ಚಿಯಲ್ಲಿ ಮುಖ 4 ಅಡಿಗೆ ಬರುತ್ತದೆ, ಛತ್ರಿಯ ನಡು 5 ಅಡಿ 9 ಇಂಚಿಗೆ ಇಟ್ಟರೆ ಕೆಳ ಅಂಚು ಗದ್ದದ ಮಟ್ಟಕ್ಕೆ ಸಿಗುತ್ತದೆ. ಕನ್ನಡಕಕ್ಕೆ ಅಂತ ಹೇಳಿದ ಒಂದಡಿಯನ್ನು ಇಲ್ಲಿಂದ ಮೇಲಕ್ಕೆ ಎಣಿಸಿ. ಸ್ಟ್ಯಾಂಡಿನ ಒಂದು ಕಾಲು ಛತ್ರಿ ವಾಲಿದ ಕಡೆಗೇ ಇರಲಿ. ನಡುಗಂಬಕ್ಕೆ 5 ಕೆಜಿ ರಾಗಿ ಚೀಲ ಕಟ್ಟಿ, ನೆಲಕ್ಕೆ ತಾಗಿಯೂ ತಾಗದಂತೆ. ಛತ್ರಿ ಗಾಳಿಗೆ ಹಾಯಿಯಂತೆ ವರ್ತಿಸುತ್ತದೆ, ಬಾಗಿಲು ತೆರೆದ ಗಾಳಿಗೂ ಬೀಳಬಹುದು.

ಗುಬ್ಬಿ ಗೇಟ್:
ರೇಷ್ಮೆ ಸೀರೆ, ಕುಂಕುಮ ಇದೆಯೆಂದು ಮರೆಯಬೇಡಿ. ಕೆಂಪು ಚಾನಲ್ ಮೊದಲು ಸುಟ್ಟುಹೋಗುತ್ತದೆ. ಒಟ್ಟು ಹಿಸ್ಟೊಗ್ರಾಮ್ (ಬೆಳಕಿನ ಹಂಚಿಕೆಯ ನಕ್ಷೆ) ಸರಿ ಕಂಡರೂ ಕೆಂಪಿನದು ಬಲಕ್ಕೆ ಗೋಡೆ ಹತ್ತಿರಬಹುದು. ಮೂರು ಬಣ್ಣದ ಹಿಸ್ಟೊಗ್ರಾಮ್ ತೆರೆದು ನೋಡಿ, ಕುಂಕುಮದ ನಡುವೆ ವಿವರ ಹೋದರೆ 1/3 ಸ್ಟಾಪ್ ಇಳಿಸಿ. ಜರಿಯ ಒಂದೆರಡು ಹೊಳಪು ಚುಕ್ಕೆ ಸುಟ್ಟರೆ ಚಿಂತೆಯಿಲ್ಲ, ಜರಿ ಇರುವುದೇ ಹೊಳೆಯಲು. ಹಣೆಯ ಹೊಳಪು ಮಾತ್ರ ಬೆವರಿನದು, ಟಿಶ್ಯೂ ಒತ್ತಿ ತೆಗೆಯಿರಿ, ಉಜ್ಜಬೇಡಿ, ಕುಂಕುಮ ಹರಡುತ್ತದೆ. ಚರ್ಮದ ಬಣ್ಣವನ್ನು ಬೆಳ್ಳಗೆ ಮಾಡಲು ಬೆಳಕು ಏರಿಸುವ ರೂಢಿ ಸ್ಟುಡಿಯೊಗಳಲ್ಲಿದೆ, ಅದನ್ನು ದಯವಿಟ್ಟು ಮಾಡಬೇಡಿ. ಅಜ್ಜಿ ಇರುವ ಬಣ್ಣದಲ್ಲೇ ಇರಲಿ.

ಚಿಕ್ಕಪೇಟೆ ತೊಟ್ಟಿಮನೆ:
ಮೂಲೆಯಿಂದ ಮೂಲೆಗೆ, ಪಂಚೆ, ಥರ್ಮಾಕೋಲ್, ಅಂಬ್ರೆಲಾ 55 ಡಿಗ್ರಿ, ಒಂದಡಿ ಮೇಲೆ, ಅದೇ 1/8. ಹಸಿರೂ ಕೆಂಪೂ ಹೋದವು, ಮುಖಕ್ಕೆ ಉಬ್ಬುತಗ್ಗು ಬಂತು. ಅಂಬ್ರೆಲಾ ಗಾಜಿನಿಂದ ಹೋಗಿದೆ, ಆದರೆ ಎಡಗಾಜಿನ ಹೊರ ಅಂಚಿಗೆ ತೆಳ್ಳನೆಯ ಬಿಳಿ ಗೆರೆ ಇದೆ. ಫ್ಲ್ಯಾಶ್ ಎಷ್ಟು ಮೇಲೆತ್ತಿದರೂ ಹೋಗುತ್ತಿಲ್ಲ.

ಕುಣಿಗಲ್ ಕೆರೆ ಏರಿ:
ಅಂಬ್ರೆಲಾ ಬಲಗಡೆ ಇದ್ದರೆ ಅದು ಅದರದ್ದಲ್ಲ, ಥರ್ಮಾಕೋಲಿನದು. ಬಿಳಿ ಹಾಳೆಯೂ ಗಾಜಿಗೆ ಒಂದು ದೀಪವೇ. ಅಜ್ಜಿಯ ಮುಖ ಆ ಕಡೆಗೆ ಸ್ವಲ್ಪ ತಿರುಗಿರುವುದರಿಂದ ಹಾಳೆಯ ಮುಂದಿನ ಅಂಚು ಸಿಗುತ್ತಿದೆ. ಹಾಳೆಯನ್ನು ಕ್ಯಾಮರಾದಿಂದ ದೂರ, ಅಜ್ಜಿಯ ಕಿವಿಯ ಸಾಲಿಗೆ ಅರ್ಧ ಅಡಿ ಸರಿಸಿ. ಗೆರೆ ಹೋದ ಜಾಗದಲ್ಲೇ ನೆಲಕ್ಕೆ ಟೇಪಿನ ಗುರುತು ಹಾಕಿಬಿಡಿ, ಕುರ್ಚಿಯ ನಾಲ್ಕು ಕಾಲಿಗೂ ಹಾಕಿ.